ಒಂದು ಗೇಣು ಜಾಸ್ತಿ

ನಮ್ಮ ಮನೆಯಿಂದ ನಲವತ್ತು ಹೆಜ್ಜೆ ನಡೆದರೆ ಮೂರು ಓಣಿಗಳು ಕೂಡುವ ಜಾಗ. ಅಲ್ಲೊಂದು ಸೊಂಟಮಟ್ಟದ ಕಲ್ಲಿನ ಕಟ್ಟೆ ಇದೆ. ಕಟ್ಟೆಯ ಮೇಲೆ ಏನೂ ಇಲ್ಲ. ಹರಿಹರ ಸ್ಟೇಷನ್ನಿನಲ್ಲಿ ಇಳಿದು ಆಟೋದವನಿಗೆ ‘ಖಾಲಿ ಕಟ್ಟೆ’ ಅಂದರೆ ಸಾಕು, ಮತ್ತೇನೂ ಕೇಳದೆ ತಂದು ಇಳಿಸುತ್ತಾನೆ.

ಅದು ಖಾಲಿ ಉಳಿದದ್ದು ಜಗಳದಿಂದ. ತಮ್ಮ ಒಬ್ಬ ದೊಡ್ಡ ಮನುಷ್ಯರ ಹೆಸರಿನ ಫಲಕ ಹಾಕಲಿಕ್ಕೆಂದೇ ಕಟ್ಟೆ ಕಟ್ಟಿದ್ದು ಅಂತ ಮೇಲಿನ ಓಣಿಯವರು ಹೇಳುತ್ತಾರೆ. ಕಲ್ಲು ಹೊತ್ತವರು ನಾವು, ಹೆಸರು ನಮ್ಮ ದೊಡ್ಡ ಮನುಷ್ಯರದ್ದೇ ಆಗಬೇಕು ಅಂತ ಕೆಳಗಿನ ಓಣಿಯವರು. ಆ ಇಬ್ಬರು ಮಹನೀಯರೂ ತೀರಿಕೊಂಡು ಎಷ್ಟೋ ಕಾಲವಾಯಿತು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ, ಎರಡು ಓಣಿಯವರ ಬಾವುಟದ ಬಣ್ಣವನ್ನೂ ಬರೆಯುವುದಿಲ್ಲ. ಬರೆದು ಆದದ್ದೇ ಸಾಕಾಗಿದೆ.

ನಾನು ಮದುವೆಯಾಗಿ ಬಂದಾಗಲೇ ಕಟ್ಟೆ ಖಾಲಿ ಇತ್ತು. ನಮ್ಮದು ನಡುವಿನ ಓಣಿ. ಎಲೆಕ್ಷನ್ ಬಂತೆಂದರೆ ಎರಡೂ ಕಡೆಯವರು ನಮ್ಮ ಬಾಗಿಲಿಗೆ ಬರುತ್ತಾರೆ, ಎರಡೂ ಕಡೆಯವರಿಗೆ ನಾವು ಚಹಾ ಕೊಡುತ್ತೇವೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. "ನಾವು ಊಟದ ಎಲಿ ನಡುವಿನ ದಂಟು ಇದ್ದಂಗೆ. ಎರಡೂ ಕಡೆ ಬಡಿಸ್ತಾರೆ, ದಂಟಿಗೆ ಏನೂ ಬರಲ್ಲ" ಅಂತ ನಗುತ್ತಿದ್ದರು.

ಇಷ್ಟು ವರ್ಷ ಆ ಜಗಳ ಬಗೆಹರಿಯಲೂ ಇಲ್ಲ, ಹೊತ್ತಿಕೊಳ್ಳಲೂ ಇಲ್ಲ. ಅದನ್ನು ಹೇಗೆ ಸಂಭಾಳಿಸಿಕೊಂಡು ಬಂದರು ಅಂತ ಈಗ ಕೂತು ಯೋಚಿಸಿದರೆ ಒಬ್ಬೊಬ್ಬರದು ಒಂದೊಂದು ಬಗೆ ಕಾಣುತ್ತದೆ. ವರ್ಷಕ್ಕೆ ಒಂದು ದಿನ ಮೇಲಿನ ಓಣಿಯವರದು, ಇನ್ನೊಂದು ದಿನ ಕೆಳಗಿನ ಓಣಿಯವರದು. ಆ ದಿನ ಸೂರ್ಯ ಹುಟ್ಟಿದ ಮೇಲೆ ಬಾವುಟ ನೆಡಬೇಕು, ಮುಳುಗುವುದರೊಳಗೆ ತಾವೇ ಇಳಿಸಬೇಕು. ಪೊಲೀಸರು ಮೊದಲೇ ಎರಡೂ ಕಡೆಯ ಹತ್ತತ್ತು ಮಂದಿಯನ್ನು ಕರೆಸಿ ಮುಚ್ಚಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅದು ಅವರ ಬಗೆ. ಹಿರಿಯರದು ಮುಂದೂಡುವ ಬಗೆ. ಮೇಲಿನ ಓಣಿಗೆ ಒಬ್ಬ ರಿಟೈರಾದ ಮೇಷ್ಟ್ರು, ಕೆಳಗಿನ ಓಣಿಗೆ ಅಡತಿ ಅಂಗಡಿಯ ಯಜಮಾನ್ರು. ಹೆಸರಿನ ಮಾತು ಬಂದಾಗಲೆಲ್ಲ ಇಬ್ಬರೂ ಎಲೆ ಅಡಿಕೆ ಮೆಲ್ಲುತ್ತಾ, "ಮುಂದಿನ ಸಲ ನೋಡೋಣಂತೆ" ಅಂದು ಏಳುತ್ತಿದ್ದರು. ಆ ಮುಂದಿನ ಸಲ ಬರುತ್ತಲೇ ಇರಲಿಲ್ಲ.

ಹೆಂಗಸರದು ಸಂಡಿಗೆಯ ಬಗೆ. ಬೇಸಿಗೆಯಲ್ಲಿ ಮೂರೂ ಓಣಿಯವರು ಕಟ್ಟೆ ತೊಳೆದು, ಹಳೇ ಸೀರೆ ಹಾಸಿ, ಸಂಡಿಗೆ, ಶ್ಯಾವಿಗೆ, ಹಪ್ಪಳ ಒಣಗಿಸುತ್ತಿದ್ದೆವು. ಕಾಗೆ ಓಡಿಸಲಿಕ್ಕೆ ಪಾಳಿ. ಮೇಲಿನ ಓಣಿಯವಳ ಸಂಡಿಗೆಯನ್ನು ಕೆಳಗಿನ ಓಣಿಯವಳು ಕಾಯುವುದು, ಇವಳ ಹಪ್ಪಳವನ್ನು ಅವಳು ಮಗುಚುವುದು. ಸಂಡಿಗೆ ಇರುವ ಕಟ್ಟೆಗೆ ಯಾವ ಗಂಡಸೂ ಚಪ್ಪಲಿ ಕಾಲಿಡುತ್ತಿರಲಿಲ್ಲ. ಇದೊಂದು ಉಪಾಯ ಅಂತ ನಮಗ್ಯಾರಿಗೂ ಅನ್ನಿಸಿರಲಿಲ್ಲ. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ಅಷ್ಟೇ.

ಇವೆಲ್ಲದರ ಕೆಳಗೆ ಇನ್ನೊಂದು ಬಗೆ ಇತ್ತು, ಚಾಚಾನದು.

ಚಾಚಾ ಅಂದರೆ ಕಟ್ಟೆಗೆ ಎದುರಾಗಿ ಅಂಗಡಿ ಇಟ್ಟಿದ್ದ ಟೇಲರ್. ವಯಸ್ಸು ಎಪ್ಪತ್ತರ ಹತ್ತಿರ. ಇಡೀ ಊರಿಗೆ ಅವರು ಚಾಚಾ. ಮೂರೂ ಓಣಿಯ ಕುಬುಸ, ಸ್ಕೂಲ್ ಯೂನಿಫಾರ್ಮು, ದಿಂಬಿನ ಚೀಲ ಎಲ್ಲ ಅವರೇ ಹೊಲಿಯುತ್ತಿದ್ದರು. ಎರಡೂ ಕಡೆಯ ಬಾವುಟವನ್ನೂ ಅವರೇ. ಬಟ್ಟೆಯನ್ನು ದಾವಣಗೆರೆಯ ಮಂಡಿಪೇಟೆಯಿಂದ ಥಾನುಗಟ್ಟಲೆ ತರುತ್ತಿದ್ದರು. ಕತ್ತರಿಸುವುದು, ಮಿಷನ್ ಹೊಲಿಗೆ ಅವರದು. ಅಂಚಿನ ಕೈಹೊಲಿಗೆ ನನ್ನದು. ಮಧ್ಯಾಹ್ನ ಮುಸುರೆ ತೊಳೆದು ಅಂಗಡಿಗೆ ಹೋದರೆ, "ಬಾ ಅವ್ವಾ, ಬಾ. ನಿನ್ನ ಸೂಜಿ ಇಲ್ಲ ಅಂದ್ರ ನನ್ನ ಮಿಷನ್ ಮುನಿಸ್ಕೊಂತದ" ಅಂತ ಸ್ಟೂಲು ಎಳೆದು ಕೊಡುತ್ತಿದ್ದರು.

ಬಾವುಟದ ದಿನ ಹತ್ತಿರ ಬಂದಾಗ ಮೇಷ್ಟ್ರು ಬರುತ್ತಿದ್ದರು. ನಾನಿರುವುದನ್ನು ನೋಡಿಯೂ ನೋಡದವರ ಹಾಗೆ ಬಾಗಿ ಮೆಲ್ಲಗೆ ಹೇಳುತ್ತಿದ್ದರು:

"ಚಾಚಾ, ಹಳೇ ಅಳತೀನ. ಆದ್ರ ಆ ಕಡೇರಕಿಂತ ಒಂದು ಗೇಣು ಜಾಸ್ತಿ ಇರ್ಲಿ. ಯಾರಿಗೂ ಹೇಳಬ್ಯಾಡ್ರಿ."

"ಆಗ್ಲಿ ಮೇಷ್ಟ್ರೇ."

ಕೆಲವು ತಿಂಗಳು ಕಳೆದು ಯಜಮಾನ್ರು ಬರುತ್ತಿದ್ದರು. ಅದೇ ಬಾಗುವಿಕೆ, ಅದೇ ಗುಟ್ಟು. "ಒಂದು ಗೇಣು ಜಾಸ್ತಿ ಬಿಡ್ರಿ ಚಾಚಾ. ಆ ಮ್ಯಾಗಳ ಓಣೇರಿಗೆ ಗೊತ್ತಾಗಬಾರದು."

"ಆಗ್ಲಿ ಯಜಮಾನ್ರೇ."

ಇಬ್ಬರೂ ಹೋದ ಮೇಲೆ ಚಾಚಾ ಟೇಪು ಬಿಚ್ಚಿ, "ಒಂಬತ್ತಡಿ, ಬರ್ಕೊ ಅವ್ವಾ" ಅನ್ನುತ್ತಿದ್ದರು. ಇವರಿಗೂ ಒಂಬತ್ತು, ಅವರಿಗೂ ಒಂಬತ್ತು. ಕಟ್ಟೆಯ ಮೇಲೆ ಎರಡು ಬಾವುಟ ಯಾವತ್ತೂ ಒಟ್ಟಿಗೆ ನಿಲ್ಲುವುದಿಲ್ಲವಲ್ಲ, ಹಾಗಾಗಿ ಯಾರೂ ಹೋಲಿಸಿ ನೋಡುವ ಹಾಗಿರಲಿಲ್ಲ. ತಮ್ಮದೇ ಒಂದು ಗೇಣು ಉದ್ದ ಅಂತ ಎರಡೂ ಓಣಿಯವರು ಒಳಗೊಳಗೇ ಖುಷಿಯಾಗಿದ್ದರು. ಆ ಖುಷಿಯಲ್ಲಿ ಹೆಸರಿನ ಮಾತು ಹಿಂದೆ ಬೀಳುತ್ತಿತ್ತು.

ನನಗೊಂದು ಚಟವಿದೆ, ಬರೆದಿಡುವುದು. ಹೊಸ ವರ್ಷಕ್ಕೆ ಅಂಗಡಿಯವರು ಕೊಡುವ ಡೈರಿಯಲ್ಲಿ ನಲ್ಲಿ ನೀರು ಬಂದ ದಿನ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಉಪ್ಪಿನಕಾಯಿ ಹಾಕಿದ ದಿನ, ಯಾರು ಬಂದರು, ಅವತ್ತು ಏನು ಅಡುಗೆ, ಎಲ್ಲ ಇರುತ್ತದೆ. ಅದರಲ್ಲಿಯೇ ಬಾವುಟದ ಅಳತೆಯೂ. ‘ಮೇ.ಓ. ಒಂಬತ್ತಡಿ. ಬೆಂಡೆಕಾಯಿ ಪಲ್ಯ.’ ಅಕ್ಕಪಕ್ಕದವರು ನನ್ನನ್ನು ‘ಡೈರಿ ಅಕ್ಕ’ ಅನ್ನುತ್ತಿದ್ದರು. ನೀರು ಬಂದು ಎಷ್ಟು ದಿನವಾಯಿತು ಅಂತ ಜಗಳ ಬಂದರೆ ನನ್ನ ಡೈರಿಯೇ ಸಾಕ್ಷಿ. ಅದರ ಹೆಮ್ಮೆ ನನಗಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಎರಡು ವರ್ಷದ ಹಿಂದೆ ಠಾಣೆಗೆ ಹೊಸ ಸಾಹೇಬರು ಬಂದರು. ಚಿಕ್ಕ ವಯಸ್ಸು, ಮೈಸೂರು ಕಡೆಯ ಮಾತು, ಒಳ್ಳೆಯ ಮನುಷ್ಯರು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಓಣಿಯ ಜನ ಎಲ್ಲ ತಪ್ಪನ್ನೂ ಅವರ ಮೇಲೆ ಹಾಕಿದರು. ಮೇಲಿನ ಓಣಿಯ ದಿನಕ್ಕೆ ಹದಿನೈದು ದಿನ ಇರುವಾಗ ಅವರು ಶಾಂತಿ ಸಭೆ ಕರೆದರು. ಠಾಣೆಯ ಅಂಗಳದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಉಪ್ಪಿಟ್ಟು. ಎದುರು ಸಾಲಿನಲ್ಲಿ ಮೇಷ್ಟ್ರು, ಯಜಮಾನ್ರು. ಸ್ತ್ರೀಶಕ್ತಿ ಸಂಘದ ಪರವಾಗಿ ನಾನು. ಹಿಂದಿನ ಸಾಲಿನ ತುದಿಯಲ್ಲಿ ಚಾಚಾ, ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು, ಕೆಲಸ ಬಿಟ್ಟು ಬಂದಿದ್ದರು.

ಸಾಹೇಬರು ಎದ್ದು ನಿಂತು ಹೇಳಿದರು: "ನೋಡಿ, ಇಷ್ಟು ದಿನ ಪೊಲೀಸರು ಅವರ ಪಾಡಿಗೆ ಬಂದೋಬಸ್ತ್ ಮಾಡಿದ್ದಾರೆ. ಹಿರಿಯರು ಅವರ ಪಾಡಿಗೆ ಮಾತಾಡಿದ್ದಾರೆ. ಹೆಣ್ಣುಮಕ್ಕಳೂ ಏನೋ ಮಾಡಿದ್ದಾರೆ. ಎಲ್ಲವನ್ನೂ ಒಂದು ಕಡೆ ಸೇರಿಸೋಣ. ಒಂದೇ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರೆ ನಾಳೆ ನಾನು ವರ್ಗವಾಗಿ ಹೋದರೂ ಅದು ಉಳಿಯುತ್ತೆ."

ನನಗೆ ಮಾತು ಬಹಳ ಹಿಡಿಸಿತು. ಬರೆದಿಡುವವರಿಗೆ ಬರೆದಿಡುವವರು ಇಷ್ಟವಾಗುವುದು ಸಹಜ.

ಮೊದಲಿಗೆ ನೀರಿನ ಮಾತು ಬಂತು. ನಾನು ಡೈರಿ ತಂದಿದ್ದೇ ಅದಕ್ಕೆ. ಯಾವ ವಾರ ಎಷ್ಟು ದಿನ ನಲ್ಲಿ ಬಂದಿಲ್ಲ ಅಂತ ಎದ್ದು ಓದಿದೆ. ಸಾಹೇಬರು ತಮ್ಮ ಪಕ್ಕದವರಿಗೆ, "ಕೇಳಿದಿರಾ? ಎಲ್ಲರೂ ಹೀಗೆ ಬರೆದಿಟ್ಟರೆ ಅರ್ಧ ಜಗಳವೇ ಇರೋದಿಲ್ಲ" ಅಂದರು. ನಾಲ್ಕಾರು ಮಂದಿ ಚಪ್ಪಾಳೆಯನ್ನೂ ತಟ್ಟಿದರು. ಐವತ್ತು ದಾಟಿದ ಮೇಲೆ ಯಾರಾದರೂ ನನಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಕೂತೆ, ಆದರೆ ಮೈ ಕುರ್ಚಿಗೆ ಹತ್ತಲಿಲ್ಲ.

ಆಮೇಲೆ ಬಾವುಟ.

"ಎಷ್ಟು ಉದ್ದ ಇರಬೇಕು? ಹಿಂದಿನ ಪದ್ಧತಿ ಏನು?" ಸಾಹೇಬರು ಕೇಳಿದರು.

"ಹಳೇ ಅಳತಿ" ಅಂದರು ಮೇಷ್ಟ್ರು.

"ನಮ್ದೂ ಹಳೇ ಅಳತೀನ" ಅಂದರು ಯಜಮಾನ್ರು.

"ಹಳೇ ಅಳತೆ ಅಂದರೆ ಎಷ್ಟು?"

ನಾನು ತಿರುಗಿ ನೋಡಿದೆ. ಚಾಚಾ ತಮ್ಮ ಕಾಲಬೆರಳನ್ನು ನೋಡುತ್ತಾ ಕೂತಿದ್ದರು. ಆ ನೋಟದ ಅರ್ಥ ನನಗೆ ಆಗಲೇ ಆಗಬೇಕಿತ್ತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಹೊಲಿದವಳಿಗೆ ಆಗದಿದ್ದರೆ ಯಾರಿಗೆ ಆಗಬೇಕು? ನಾನು ಎದ್ದೆ.

"ಸಾಹೇಬ್ರ, ಎರಡೂ ಒಂದೇ ಅಳತಿರಿ. ಒಂಬತ್ತಡಿ. ಅಂಚು ಹೊಲಿಯಾಕಿ ನಾನು. ಇಪ್ಪತ್ತು ವರ್ಷದ್ದೂ ಬರದಿಟ್ಟೀನಿ. ಮೇಷ್ಟ್ರೂ ಒಂದು ಗೇಣು ಜಾಸ್ತಿ ಅಂತಾರೆ, ಯಜಮಾನ್ರೂ ಒಂದು ಗೇಣು ಜಾಸ್ತಿ ಅಂತಾರೆ, ನಮ್ಮ ಚಾಚಾ ಇಬ್ಬರಿಗೂ ಸಮ ಕತ್ತರಿಸ್ತಾರೆ. ಇವತ್ತಿನ ತನ ಯಾರಿಗೂ ಅನ್ಯಾಯ ಆಗಿಲ್ಲ."

ಕೊನೆಯ ಮಾತನ್ನು ನಗುತ್ತಲೇ ಹೇಳಿದೆ. ಎಲ್ಲರೂ ನಗುತ್ತಾರೆ, ಚಾಚಾನಿಗೂ ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದೆ. ಸಾಹೇಬರು ನಕ್ಕರು. "ಅದ್ಭುತ! ಇಪ್ಪತ್ತು ವರ್ಷದಿಂದ ನೀವು ಸಮಾನವಾಗೇ ಇದ್ದೀರಿ! ಮತ್ತೆ ಜಗಳ ಯಾತಕ್ಕೆ?" ಅಂದರು. ಅವರೊಬ್ಬರೇ ನಕ್ಕದ್ದು.

ಮೇಷ್ಟ್ರು ಮೆಲ್ಲಗೆ ಹಿಂದೆ ತಿರುಗಿದರು. ಯಜಮಾನ್ರೂ ತಿರುಗಿದರು. ಇಬ್ಬರೂ ಒಂದೇ ಸಲಕ್ಕೆ ಒಬ್ಬರನ್ನೇ ನೋಡಿದ್ದು ನಾನು ಕಂಡಂತೆ ಅದೇ ಮೊದಲು. ಚಾಚಾ ಕುತ್ತಿಗೆಯಿಂದ ಟೇಪು ತೆಗೆದು, ಸುತ್ತಿ, ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಸಾಹೇಬರು ನನ್ನ ಹಳೇ ಡೈರಿಗಳನ್ನು ಮನೆಯಿಂದ ತರಿಸಿ, ಆ ಹಾಳೆಗಳ ಝೆರಾಕ್ಸ್ ಮಾಡಿಸಿ ಸಭೆಯ ನಡಾವಳಿಗೆ ಲಗತ್ತಿಸಿದರು. ಬೆಂಡೆಕಾಯಿ ಪಲ್ಯದ ಸಮೇತ.

ಸಂಜೆಯೊಳಗೆ ಆ ಹಾಳೆಯ ಫೋಟೋ ಎರಡೂ ಓಣಿಯ ವಾಟ್ಸಾಪಿನಲ್ಲಿತ್ತು.

ಯಾರೂ ಚಾಚಾನ ಮೈಮುಟ್ಟಲಿಲ್ಲ. ಮುಟ್ಟಿದ್ದರೆ ನಾಲ್ಕು ಮಂದಿ ಅವರ ಪರ ನಿಲ್ಲುತ್ತಿದ್ದರೇನೋ. ಮಾತು ಬಂತು, ಅಷ್ಟೇ. "ಇಷ್ಟು ವರ್ಷ ನಮ್ಮನ್ನ ಮಂಗ ಮಾಡಿದ್ರಲ್ಲ ಚಾಚಾ" ಅಂತ ಮೇಷ್ಟ್ರು ಅಂಗಡಿಯ ಮೆಟ್ಟಿಲಲ್ಲಿ ನಿಂತು ಹೇಳಿದರು, ಒಳಗೆ ಬರಲಿಲ್ಲ. ಯಜಮಾನ್ರು ಆಳು ಕಳಿಸಿ, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನೆಲ್ಲ ವಾಪಸು ತರಿಸಿಕೊಂಡರು. ಆಮೇಲೆ ಕುಬುಸಗಳು ಬರುವುದೂ ನಿಂತಿತು. ಚಾಚಾನ ಅಂಗಡಿಗೆ ಹೋದರೆ ‘ಆ ಕಡೆಯವಳು’ ಅನ್ನಿಸಿಕೊಳ್ಳಬೇಕಾಗುತ್ತದೆ ಅಂತ ಎರಡೂ ಓಣಿಯ ಹೆಂಗಸರಿಗೆ ಹೆದರಿಕೆ. ಒಂದು ಬೆಳಿಗ್ಗೆ ನೋಡಿದರೆ ಅಂಗಡಿಯ ಶಟರ್ ಮೇಲೆ ಯಾರೋ ಇದ್ದಿಲಲ್ಲಿ ದೊಡ್ಡದಾಗಿ ‘೯ ಅಡಿ’ ಅಂತ ಬರೆದಿದ್ದರು. ಚಾಚಾ ಬಕೆಟ್ಟಿನಲ್ಲಿ ನೀರು ತಂದು ತೊಳೆಯುತ್ತಿದ್ದರು. ನಾನು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದೆ. ಹೋಗಿ ತೊಳೆಯಬೇಕಿತ್ತು. ಹೋಗಲಿಲ್ಲ. ಹಾಲು ಕೆಡುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ.

ಮೇಲಿನ ಓಣಿಯ ದಿನ ಬೇರೆ ಊರಿನಿಂದ ಹದಿನಾಲ್ಕು ಅಡಿಯ ಬಾವುಟ ಬಂತು. ಒಂಬತ್ತಡಿ ಅಂತ ಸಾಹೇಬರು ಬರೆಸಿದ್ದ ಕಾಗದಕ್ಕೆ ಎರಡೂ ಕಡೆಯವರು ಸಹಿಯನ್ನೇ ಹಾಕಿರಲಿಲ್ಲ. ಕೆಳಗಿನ ಓಣಿಯವರು ತಮ್ಮ ದಿನಕ್ಕೆ ಹದಿನೆಂಟು ಅಡಿಯದು ತಂದರು. ಅವತ್ತು ಗಾಳಿ ಜೋರಿತ್ತು. ಬಾವುಟ ಹೋಗಿ ಕರೆಂಟಿನ ತಂತಿಗೆ ಸುತ್ತಿಕೊಂಡಿತು. ಬಿಡಿಸಲು ಹೋದವರಿಗೂ, ನೋಡಿ ನಕ್ಕವರಿಗೂ ಮಾತಿಗೆ ಮಾತು ಬೆಳೆದು ನೂಕಾಟವಾಯಿತು. ಹೂವಿನ ಗಾಡಿ ಉರುಳಿತು. ಹೂ ಮಾರುವಾಕೆಯ ಗಂಡ ಅದನ್ನು ಹಿಡಿಯಲು ಹೋಗಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಅವನು ಎರಡೂ ಓಣಿಯವನಲ್ಲ.

ಮರುದಿನ ಕಟ್ಟೆಯ ಸುತ್ತ ಕಬ್ಬಿಣದ ಬೇಲಿ ಬಂತು, ಪಕ್ಕದಲ್ಲಿ ಪೊಲೀಸ್ ವ್ಯಾನು ನಿಂತಿತು. ಆ ಬೇಸಿಗೆ ಯಾರೂ ಸಂಡಿಗೆ ಹಾಕಲಿಲ್ಲ. ಡೈರಿ ನೋಡಿದರೆ ಆ ತಿಂಗಳ ಹಾಳೆಗಳಲ್ಲಿ ‘ಅನ್ನ, ಸಾರು’ ಅಂತಷ್ಟೇ ಇದೆ.

ಚಾಚಾ ಆ ಹೊತ್ತಿಗೆ ಊರು ಬಿಟ್ಟಿದ್ದರು. ಮಿಷನ್ನನ್ನು ಲಗೇಜ್ ಆಟೋಕ್ಕೆ ಹಾಕಿಸಿಕೊಂಡು ದಾವಣಗೆರೆಯ ಮಗಳ ಮನೆಗೆ ಹೋದರು ಅಂತ ನಮ್ಮ ಮನೆಯವರು ಬಂದು ಹೇಳಿದರು. "ನಿನ್ನ ಸ್ಟೂಲು ಅಂಗಡಿಯಾಗ ಐತಂತೆ. ತಗೊಂಡ್ಹೋಗು ಅಂದ್ರು." ನಾನು ತರಲಿಲ್ಲ.

ಹೋಗಿ ತಪ್ಪಾಯಿತು ಅನ್ನಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಹರಿಹರದಿಂದ ದಾವಣಗೆರೆ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಆದರೂ ಎಂಟು ತಿಂಗಳು ಬೇಕಾಯಿತು ನನಗೆ. ಕೊನೆಗೆ ಹೋದದ್ದೂ ನನ್ನಷ್ಟಕ್ಕೆ ನಾನಲ್ಲ. ಸಾಹೇಬರು ಇನ್ನೊಂದು ಸಭೆ ಕರೆದಿದ್ದರು. ಒಂಬತ್ತಡಿಗೆ ಎಲ್ಲರೂ ಸಹಿ ಹಾಕದಿದ್ದರೆ ಎರಡೂ ಕಡೆಯ ದಿನವನ್ನೇ ನಿಷೇಧ ಮಾಡುತ್ತೇವೆ ಅಂತ ನೋಟೀಸು ಬಂದಿತ್ತು. ನಿಷೇಧವಾದರೆ ಹುಡುಗರು ಕೈಕಟ್ಟಿ ಕೂರುವುದಿಲ್ಲ ಅಂತ ಹಿರಿಯರಿಗೆ ಗೊತ್ತು. ಮೇಷ್ಟ್ರೇ ನಮ್ಮ ಮನೆಗೆ ಬಂದರು.

"ನೀನ ಹೋಗಿ ಚಾಚಾನ್ನ ಕೇಳವ್ವ. ಬಂದು ಏನಾರ ಒಂದು ಮಾತು ಹೇಳ್ಲಿ. ನಾವು ಕರದ್ರ ಬರಲ್ಲ."

"ನಾ ಕರದ್ರ ಬರ್ತಾರೇನ್ರಿ ಮೇಷ್ಟ್ರೇ?" ಅಂದೆ.

ಅವರು ಚಹಾ ಮುಗಿಸಿ, ಲೋಟ ಕೆಳಗಿಟ್ಟು, "ಕೆಡಸಿದೋರು ಹೋಗಬೇಕಲ್ಲ" ಅಂದರು. ಬೈದು ಹೇಳಲಿಲ್ಲ. ಅದಕ್ಕೇ ಹೋದೆ.

ಮಗಳ ಮನೆ ಮಂಡಿಪೇಟೆಯ ಹಿಂದಿನ ಒಂದು ಸಂದಿಯಲ್ಲಿ. ಹೊರಗಿನ ಚಿಕ್ಕ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಚಾಚಾ ಯಾವುದೋ ಅಂಗಡಿಗೆ ಗೋಣಿಚೀಲದ ಬಾಯಿ ಹೊಲಿದು ಕೊಡುತ್ತಿದ್ದರು. ಕುಬುಸದ ತೋಳಿನ ಸುಕ್ಕು ಹಿಡಿದು ಹೊಲಿಯುತ್ತಿದ್ದ ಕೈ. ನಾನು ಮನೆಯಿಂದ ಶೇಂಗಾ ಚಟ್ನಿ ಪುಡಿ, ಒಂದು ಡಬ್ಬಿ ಹಳೇ ಸಂಡಿಗೆ ಒಯ್ದಿದ್ದೆ.

"ಬರ್ರಿ, ಕೂಡ್ರಿ" ಅಂದರು.

ಇಪ್ಪತ್ತು ವರ್ಷದಲ್ಲಿ ಅವರು ನನಗೆ ‘ಬರ್ರಿ’ ಅಂದದ್ದಿಲ್ಲ.

"ತಪ್ಪಾತು ಚಾಚಾ" ಅಂದೆ. "ನಿಮಗ ಒಳ್ಳೇ ಹೆಸರು ಬರ್ಲಿ ಅಂತ…"

"ನಿಮಗ ಬರ್ಲಿ ಅಂತ" ಅಂದರು ಚಾಚಾ, ಮಿಷನ್ ನಿಲ್ಲಿಸದೆ. ಇನ್ನೊಂದು ಚೀಲ ಎಳೆದುಕೊಂಡು, "ಇರ್ಲಿ ಬಿಡ್ರಿ. ಎಲ್ಲಾರಿಗೂ ಆಸೆ ಇರ್ತದ" ಅಂತ ಸೇರಿಸಿದರು.

ಅವರ ಮಗಳು ಚಹಾ ತಂದಳು, ನನ್ನ ಮುಖ ನೋಡಲಿಲ್ಲ. ಮೇಷ್ಟ್ರು ಕಳಿಸಿದ ಮಾತನ್ನು ಹೇಳಿದೆ. ಚಾಚಾ ಕೇಳಿ ನಕ್ಕರು.

"ನಾ ಬಂದು ಏನು ಹೇಳ್ಲಿ? ಒಂಬತ್ತು ಅಂತ ಹೇಳ್ಲೋ? ಅದು ಒಂಬತ್ತಾಗಿದ್ರ ಹೇಳಬಹುದಿತ್ತು."

ನನಗೆ ತಿಳಿಯಲಿಲ್ಲ.

"ನೀವು ಯಾವತ್ತಾರ ಟೇಪು ಹಿಡಿದು ನೋಡೀರೇನು?" ಅಂತ ಕೇಳಿದರು.

ಯೋಚಿಸಿದೆ. ಅಂಚು ಹೊಲಿಯಲು ಅಳತೆ ಬೇಕಾಗುವುದಿಲ್ಲ. ಈ ಮೂಲೆಯಿಂದ ಹಿಡಿದು ಆ ಮೂಲೆಗೆ ಹೊಲಿದರೆ ಆಯಿತು. ಅವರು ಒಂಬತ್ತು ಅನ್ನುತ್ತಿದ್ದರು, ನಾನು ಒಂಬತ್ತು ಬರೆಯುತ್ತಿದ್ದೆ.

"ಇಲ್ಲ" ಅಂದೆ.

"ಎಲ್ಲಾ ವರ್ಷ ಒಂಬತ್ತಿರಲಿಲ್ಲ. ಮೇಷ್ಟ್ರ ಮನ್ಯಾಗ ದೊಡ್ಡ ಮಗ ತೀರಿಕೊಂಡ ವರ್ಷ ಅವರದು ನಾಕು ಬೆರಳು ಜಾಸ್ತಿ ಬಿಟ್ಟಿದ್ದೆ. ಯಜಮಾನ್ರ ಕಡೇರು ಎಲೆಕ್ಷನ್ ಸೋತಾಗ ಅವರದು. ಯಾರಿಗೆ ಆ ವರ್ಷ ಪೆಟ್ಟು ಬಿದ್ದಿರ್ತಿತ್ತೋ ಅವರಿಗೆ ನಾಕು ಬೆರಳು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರ ಬಾವುಟ ಹಿಡಿದೋರಿಗೆ ಕೈಯಾಗ ಗೊತ್ತಾಗ್ತದ, ಈ ಸಲ ಸ್ವಲ್ಪ ತುಂಬಿದಂಗ ಐತಿ ಅಂತ. ಅಷ್ಟಕ್ಕ ಸಮಾಧಾನ ಆಗ್ತಿದ್ರು."

"ಮತ್ತ ಅವತ್ತು ಸಭೆಯಾಗ ಯಾಕ ಹೇಳಲಿಲ್ಲ ಚಾಚಾ? ನಾ ಹೇಳಿದ್ದು ಸುಳ್ಳು ಅಂತ?"

"ಹೇಳಿದ್ರ ಇನ್ನೂ ಕೆಡ್ತಿತ್ತಲ್ಲ. ಸಮ ಅಂದದ್ದಕ್ಕ ಇಷ್ಟು ಸಿಟ್ಟು. ಒಂದು ವರ್ಷ ನಿಮ್ದು ಕಮ್ಮಿ ಇತ್ತು ಅಂದ್ರ?"

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದೆ. ಬರೆದಿಡುತ್ತೇನೆ, ಬರೆದಿಡುತ್ತೇನೆ ಅಂತ ಬೀಗಿದ ನಾನು ಕಣ್ಣೆದುರಿಗಿದ್ದ ಬಟ್ಟೆಯನ್ನು ಒಂದು ಸಲವೂ ಅಳೆದಿರಲಿಲ್ಲ. ನನ್ನ ತೊಡೆಯ ಮೇಲೆ ಹಾಸಿಕೊಂಡೇ ಹೊಲಿದಿದ್ದೆ. ಮನೆಗೆ ಬಂದು, ನಾಲ್ಕು ಬೆರಳು ಹೆಚ್ಚಿದ್ದ ಆ ವರ್ಷದ, ಮೇಷ್ಟ್ರ ಮಗ ಹೋದ ವರ್ಷದ, ಹಾಳೆ ತೆಗೆದು ನೋಡಿದೆ: ‘ಮೇ.ಓ. ಒಂಬತ್ತಡಿ. ಹೆಸರುಕಾಳು ಸಾರು.’ ಮಗ ತೀರಿದ್ದನ್ನೇ ಬರೆದಿರಲಿಲ್ಲ. ಗುಟ್ಟು ಒಡೆದದ್ದು ಒಂದು ತಪ್ಪು. ನನಗೆ ಗೊತ್ತೇ ಇಲ್ಲದ್ದನ್ನು ಗೊತ್ತು ಅಂತ ಎದ್ದು ನಿಂತು ಹೇಳಿದ್ದು ಅದಕ್ಕಿಂತ ದೊಡ್ಡದು.

ಎರಡನೇ ಸಭೆಗೂ ಅದೇ ಶಾಮಿಯಾನ. ಚಾಚಾನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಸಾಹೇಬರು ನನ್ನ ಡೈರಿಯ ಝೆರಾಕ್ಸ್ ಎತ್ತಿ ಹಿಡಿದು, "ದಾಖಲೆ ಇಲ್ಲಿದೆ, ಒಂಬತ್ತಡಿ. ಇದಕ್ಕೆ ಯಾರದಾದರೂ ತಕರಾರು ಇದೆಯಾ?" ಅಂದರು.

ನಾನು ಕೈ ಎತ್ತಿದೆ.

"ನನ್ನದೈತ್ರಿ ಸಾಹೇಬ್ರ. ನಾನು ಟೇಪು ಹಿಡಿದು ಅಳದಿಲ್ಲ. ಅಂದಾಜಿನ ಮ್ಯಾಲೆ ಬರದಿದ್ದು. ಎಷ್ಟಿತ್ತೋ ನನಗ ಗೊತ್ತಿಲ್ಲ."

"ಅಳೆದಿಲ್ವಾ? ಹಾಗಾದರೆ ಅವತ್ತು ಯಾಕೆ ಹಾಗೆ ಹೇಳಿದಿರಿ ಅಮ್ಮಾ?"

"ನೀವು ಚಪ್ಪಾಳಿ ಹೊಡಿಸಿದ್ರಲ್ಲ, ಅದಕ್ಕ" ಅಂದೆ.

ಮೇಷ್ಟ್ರು ತೊಡೆ ತಟ್ಟಿ, "ನಾ ಹೇಳ್ಲಿಲ್ಲೇನು? ನಮ್ದು ಒಂದು ಗೇಣು ಜಾಸ್ತೀನ ಇತ್ತು!" ಅಂದರು.

"ಇತ್ತಿತ್ತು, ಕನಸಿನ್ಯಾಗ" ಅಂದರು ಯಜಮಾನ್ರು. "ಜಾಸ್ತಿ ಇದ್ದಿದ್ದು ನಮ್ದು."

"ನಿಮ್ದ? ಅದು ಟವೆಲ್ ಇದ್ದಂಗಿತ್ತಲ್ರಿ."

"ನಿಮ್ದು ಕರವಸ್ತ್ರ."

ಶಾಮಿಯಾನದ ತುಂಬ ನಗು ಎದ್ದಿತು. ಇಬ್ಬರ ಮುಖದಲ್ಲೂ ಹಳೆಯ ಕಳೆ ಬಂದಿತ್ತು. ಹಿಂದಿನಿಂದ ಯಾರೋ, "ಡೈರಿ ಅಕ್ಕಾರೇ, ನಲ್ಲಿ ನೀರಾದ್ರೂ ಖರೆ ಬಂದಿತ್ತೋ ಅದೂ ಅಂದಾಜೋ?" ಅಂದರು. ಅದಕ್ಕೂ ನಕ್ಕರು. ನಾನು ತಲೆ ಬಗ್ಗಿಸಿ ಕೂತೆ. ಅದು ನನಗೆ ಸಲ್ಲಬೇಕಾದದ್ದೇ.

ಸಾಹೇಬರು ಝೆರಾಕ್ಸನ್ನು ಮಡಚಿ ಫೈಲಿನ ಕೆಳಗಿಟ್ಟರು. ಅವರಿಗೆ ಏನು ಅರ್ಥವಾಯಿತೋ, ಕಂಬದ ಎತ್ತರವನ್ನಷ್ಟೇ ಕಾಗದದಲ್ಲಿ ಬರೆಸಿದರು. ಕಟ್ಟೆಯಲ್ಲಿ ಒಂದೇ ಕಬ್ಬಿಣದ ಪೈಪು, ಇಬ್ಬರಿಗೂ ಅದೇ, ತಂತಿಗೆ ತಾಗದಷ್ಟು ಎತ್ತರ. ದಿನ, ಹೊತ್ತು ಹಿರಿಯರು ನೋಡಿಕೊಳ್ಳಬೇಕು. ಬಟ್ಟೆಯ ಮಾತನ್ನು ಅವರು ಎತ್ತಲಿಲ್ಲ. ಹೆಸರಿನ ಮಾತು ಬಂದಾಗ ಇಬ್ಬರೂ ಹಿರಿಯರು ಎಲೆ ಅಡಿಕೆಯ ಸಂಚಿ ತೆಗೆದರು. "ಮುಂದಿನ ಸಲ ನೋಡೋಣಂತೆ." ಎಲ್ಲರೂ ಸಹಿ ಹಾಕಿದರು.

ಬೇಲಿ ಇನ್ನೂ ಇದೆ. ಬೀಗದ ಕೈ ಠಾಣೆಯಲ್ಲಿ. ಸಂಡಿಗೆಗೆ ಅಂತ ಕೇಳಿದರೆ ಕೊಡುತ್ತಾರೆ, ಆದರೆ ಠಾಣೆಗೆ ಹೋಗಿ ಕೇಳುವ ಹೆಂಗಸರು ಕಡಿಮೆ. ನಾವು ಐದಾರು ಮಂದಿ ಹಾಕುತ್ತೇವೆ, ಮೊದಲಿನಷ್ಟು ತುಂಬುವುದಿಲ್ಲ. ಚಾಚಾನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ.

ಈ ವರ್ಷ ಮೇಲಿನ ಓಣಿಯ ದಿನಕ್ಕೆ ತಿಂಗಳಿರುವಾಗ ಮೇಷ್ಟ್ರು ಹಿತ್ತಲ ಬಾಗಿಲಿಗೆ ಬಂದು ಒಂದು ಪೊಟ್ಟಣ ಕೊಟ್ಟರು. ಒಳಗೆ ಬಟ್ಟೆ.

"ದಾವಣಗೆರಿಗೆ ಒಯ್ದು ಕೊಡವ್ವ. ಒಂದು ಗೇಣು…"

"ಚಾಚಾಗ ಹೇಳ್ತೀನ್ರಿ" ಅಂದೆ. ಪೂರ್ತಿ ಕೇಳಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಮಂಡಕ್ಕಿ ಚೀಲದಲ್ಲಿ ಇಟ್ಟುಕೊಂಡು ಒಯ್ದೆ. ಚಾಚಾ ಗೋಣಿಚೀಲಗಳನ್ನು ಪಕ್ಕಕ್ಕೆ ಸರಿಸಿ ಬಟ್ಟೆ ಹಾಸಿದರು. ಟೇಪು ತೆಗೆದರು. ನಾನು ಎದ್ದು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನಿಂತೆ. ಕತ್ತರಿಯ ಸದ್ದು ಕೇಳಿಸಿತು, ಮಿಷನ್ನಿನ ಸದ್ದು ಕೇಳಿಸಿತು. ತಿರುಗಿದಾಗ ಮಿಷನ್ನಿನ ಕೆಳಗೆ, ಚೀಲಗಳ ನಡುವೆ, ಇನ್ನೊಂದು ಬಣ್ಣದ ಅಂಚು ಒಂದಿಷ್ಟು ಕಂಡಿತು. ಮಡಚಿಟ್ಟ ಬಟ್ಟೆ, ಹೊಲಿಗೆ ಆಗಬೇಕಾದ್ದು. ಯಜಮಾನ್ರು ಈ ಸಲ ಇಷ್ಟು ಬೇಗ ಯಾರ ಕೈಯಲ್ಲಿ ಕಳಿಸಿದ್ದರೋ.

ಎರಡರ ಅಂಚನ್ನೂ ಹೊಲಿದೇ ಹೋಗೋಣ ಅಂತ ನಾನು ಕೈ ಚಾಚಿದೆ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು.

ಚಾಚಾ ಕಾಲಿನಿಂದ ಆ ಬಟ್ಟೆಯನ್ನು ಮೆಲ್ಲಗೆ ಒಳಗೆ ಸರಿಸಿದರು. ಮೇಷ್ಟ್ರದ್ದನ್ನು ನನ್ನ ತೊಡೆಯ ಮೇಲಿಟ್ಟು, ಸೂಜಿಗೆ ತಾವೇ ದಾರ ಪೋಣಿಸಿ ಕೊಟ್ಟರು.

"ಇದೊಂದು ಹೊಲಿ ಅವ್ವಾ" ಅಂದರು. "ಅದು ಬ್ಯಾಡ."

ಅವ್ವಾ ಅಂದದ್ದಕ್ಕೆ ಕಣ್ಣು ತುಂಬಿತು. ಬ್ಯಾಡ ಅಂದದ್ದು ಸರಿಯಾಗೇ ಇತ್ತು. ತಲೆ ಬಗ್ಗಿಸಿ ಈ ಮೂಲೆಯಿಂದ ಆ ಮೂಲೆಗೆ ಹೊಲಿದೆ. ಮನೆಗೆ ಬಂದು ಡೈರಿ ತೆಗೆದು, ದಾವಣಗೆರೆಗೆ ಹೋಗಿ ಬಂದೆ, ಸಂಜೆ ಉಪ್ಪಿಟ್ಟು, ಅಂತಷ್ಟೇ ಬರೆದೆ.